ದೂರದೇಶದ ಓದು, ದೂರದೇಶದ ತಿರುಗಾಟ

ವಿದ್ಯೆಗಾಗಿ ಕಡಲು ದಾಟುವುದು ನಮ್ಮ ಭಾಗದವರಿಗೆ ಹೊಸ ಸಂಗತಿಯೇನಲ್ಲ. ಗೋಕಾಕ ತಾಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು 1920ರ ದಶಕದಲ್ಲಿಯೇ ಕೇಂಬ್ರಿಜಿಗೆ ಹೋಗಿ, ಗಣಿತದಲ್ಲಿ ರ‍್ಯಾಂಗ್ಲರ್ ಎಂಬ ಗೌರವ ಪಡೆದು ಬಂದರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಡಾ. ಎಸ್. ಸಿ. ನಂದೀಮಠರು ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದು, 1942ರಲ್ಲಿ ವೀರಶೈವ ಧರ್ಮವನ್ನು ಇಂಗ್ಲಿಷ್ ಬಲ್ಲವರಿಗೆ ಪರಿಚಯಿಸುವ ಕೈಪಿಡಿಯನ್ನು ಹೊರತಂದರು. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದಾಗ, ತಮ್ಮ ಸಂಸ್ಥಾನದ ಸಂಪತ್ತನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟು ಹೋಗಿದ್ದರು. ತಾವು ಕಣ್ಣಿನಿಂದ ಕಾಣದ, ಹೆಸರು ಸಹ ತಿಳಿಯದ ಮಕ್ಕಳ ಓದಿಗೆ ಅವರು ಕೊಟ್ಟ ದಾನವದು.

ಈ ಹಿರಿಯರ ಪದವಿಗಳನ್ನು ನಾವು ಬಲ್ಲೆವು. ಆದರೆ ಅವರು ಅಲ್ಲಿ ಏನು ಉಂಡರು, ಚಳಿಗಾಲದ ಸಂಜೆಗಳನ್ನು ಹೇಗೆ ಕಳೆದರು, ರಜೆಯ ದಿನ ಎಲ್ಲಿಗೆ ಹೋದರು ಎಂದು ಕೇಳುವವರು ವಿರಳ. ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಗ್ರಂಥವನ್ನೇ ಬರೆದರು. ಕಲಿಯಲು ಹೋದವನು ಕಣ್ಣು ತೆರೆದು ನಾಡನ್ನೂ ನೋಡಬೇಕೆಂಬ ತಿಳಿವಳಿಕೆ ಆ ಪೀಳಿಗೆಯಲ್ಲಿ ಇತ್ತು. ಇಂದಿನ ತಂದೆತಾಯಿಗಳಲ್ಲಿ ಆ ತಿಳಿವಳಿಕೆ ಕುಗ್ಗುತ್ತಿದೆಯೇನೋ ಎಂಬ ಶಂಕೆ ನಮಗೆ ಮೂಡಲು ಒಂದು ಪ್ರಸಂಗ ಕಾರಣವಾಯಿತು.

ಬೈಲಹೊಂಗಲದ ಸಮೀಪದ ಒಂದು ಹಳ್ಳಿಯ ರೈತ ಕುಟುಂಬ ನಮಗೆ ಬಹುಕಾಲದಿಂದ ಪರಿಚಿತವಾದದ್ದು. ಆ ಮನೆಯ ಮಗ ಇಂಜಿನಿಯರಿಂಗ್ ಮುಗಿಸಿ, ನೀರಿನ ನಿರ್ವಹಣೆಯ ವಿಷಯದಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು 2024ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೋದ. ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಾಯಿಯ ತವರು ರಾಮದುರ್ಗ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ಮಲಪ್ರಭೆ ಉಕ್ಕಿದಾಗ ಆ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಮಗ್ಗ, ಕಾಳುಕಡಿ, ಹಾಸಿಗೆ ಯಾವುದೂ ಉಳಿಯಲಿಲ್ಲ. ಅಜ್ಜಿಯನ್ನು ಹೆಗಲ ಮೇಲೆ ಹೊತ್ತು ಹೊರತಂದವನು ಇದೇ ಹುಡುಗ. ಅವನ ಓದಿಗೆಂದು ತಂದೆ ನಾಲ್ಕು ಎಕರೆ ಎರೆಭೂಮಿಯನ್ನು ಬ್ಯಾಂಕಿಗೆ ಒತ್ತೆಯಿಟ್ಟರು.

ಮರುವರ್ಷದ ಫೆಬ್ರುವರಿಯಲ್ಲಿ ತಂದೆ ನಮ್ಮಲ್ಲಿಗೆ ಬಂದರು. ಮುಖ ಕಪ್ಪಿಟ್ಟಿತ್ತು. ಸಂಬಂಧಿಕರೊಬ್ಬರು ತಮ್ಮ ಫೋನಿನಲ್ಲಿ ಮಗನ ಚಿತ್ರಗಳನ್ನು ತೋರಿಸಿದ್ದರಂತೆ. ಒಂದರಲ್ಲಿ ಅವನು ಥೇಮ್ಸ್ ನದಿಯ ದಂಡೆಯ ಮೇಲೆ ನಗುತ್ತ ನಿಂತಿದ್ದಾನೆ. ಇನ್ನೊಂದರಲ್ಲಿ ಬ್ರೈಟನ್ ಎಂಬಲ್ಲಿ ಕಡಲ ತೀರದಲ್ಲಿದ್ದಾನೆ.

“ಅಜ್ಜಾರ, ಓದಾಕ ಕಳಿಸಿದ ಹುಡುಗ ಊರೂರು ತಿರಗಾಕ ಹತ್ಯಾನ್ರಿ. ಇಲ್ಲಿ ನಾ ಹತ್ತಿ ಮಾರಿದ ರೊಕ್ಕದಾಗ ಬ್ಯಾಂಕಿನ ಬಡ್ಡಿ ಕಟ್ಟಾಕ ಹತ್ತೀನಿ. ಇನ್ನ ಮ್ಯಾಲ ಮನೀ ಬಿಟ್ಟು ಹೊರಗ ಕಾಲಿಡಬ್ಯಾಡ ಅಂತ ಹೇಳೀನ್ರಿ” ಎಂದರು.

ಅವರ ಸಿಟ್ಟಿನ ಹಿಂದೆ ಬೆವರಿತ್ತು. ಅದನ್ನು ಅಲ್ಲಗಳೆಯುವುದು ಯಾರಿಗೂ ತರವಲ್ಲ. ಆದರೆ ಅಂದಿನಿಂದ ಹುಡುಗನ ಫೋನು ನಿಂತಿತು. ಮೂರು ವಾರ ಮಾತಿಲ್ಲ. ‘ಆರಾಮ ಅದೀನಿ’ ಎಂಬ ಎರಡು ಪದಗಳ ಸಂದೇಶ ಮಾತ್ರ ಬರುತ್ತಿತ್ತು. ತಾಯಿ ಕಣ್ಣೀರು ತುಂಬಿಕೊಂಡು ಬಂದು, “ನೀವರ ಒಂದ್ಸಲ ಮಾತಾಡ್ರಿ ಅಜ್ಜಾರ, ನಿಮ್ಮ ಮುಂದ ಅವಾ ಮುಚ್ಚಿಡಾಂಗಿಲ್ಲ” ಎಂದು ಕೇಳಿಕೊಂಡರು.

ಒಂದು ರವಿವಾರ ಮಧ್ಯಾಹ್ನ ನಾವು ಅವನೊಡನೆ ಮಾತನಾಡಿದೆವು. ಹತ್ತನೆಯ ವಯಸ್ಸಿಗೆ ಮನೆ ಬಿಟ್ಟು ಮಠದ ಪ್ರಸಾದ ನಿಲಯದಲ್ಲಿ ಬೆಳೆದ ನಮಗೆ ಪರಸ್ಥಳದಲ್ಲಿ ಓದುವ ಹುಡುಗನಿಂದ ಏನನ್ನು ಕೇಳಬೇಕೆಂಬುದು ತಿಳಿದಿತ್ತು. ಅಂಕಗಳನ್ನು ಕೇಳಲಿಲ್ಲ. “ತಮ್ಮಾ, ಇವತ್ತ ಏನ ಉಂಡಿ?” ಎಂದೆವು. ಆಚೆಯ ತುದಿಯಲ್ಲಿ ಬಹಳ ಹೊತ್ತು ಮೌನವಿತ್ತು. ಆಮೇಲೆ ಅವನು ತನ್ನ ದಿನಚರಿಯನ್ನು ಒಂದೊಂದಾಗಿ ಬಿಚ್ಚಿಟ್ಟನು.

ನಗರದ ಪೂರ್ವ ಭಾಗದ ಒಂದು ಮನೆಯಲ್ಲಿ ಒಂದೇ ಕೋಣೆಗೆ ಮೂವರು. ಬೆಳಗಿನ ಉಪಾಹಾರವಿಲ್ಲ. ಮಧ್ಯಾಹ್ನ ಬ್ರೆಡ್ಡಿಗೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ. ಒಮ್ಮೆ ಜೋಳದ ಹಿಟ್ಟು ಹುಡುಕಿ ತಂದು ರೊಟ್ಟಿ ಬಡಿಯಲು ಹೋದಾಗ ಹೊಗೆಗೆ ಎಚ್ಚರಿಕೆಯ ಗಂಟೆ ಹೊಡೆದುಕೊಂಡು, ಇಡೀ ಮನೆಯವರು ಚಳಿಯಲ್ಲಿ ಹೊರಗೆ ನಿಲ್ಲಬೇಕಾಯಿತಂತೆ. ಅಂದಿನಿಂದ ರೊಟ್ಟಿಯ ಆಸೆ ಬಿಟ್ಟಿದ್ದಾನೆ. ತರಗತಿಗಳು ನಡೆಯುವ ಅವಧಿಯಲ್ಲಿ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಬಾರದೆಂಬುದು ಅಲ್ಲಿಯ ನಿಯಮ. ಅಷ್ಟು ಗಂಟೆ ಒಂದು ಅಂಗಡಿಯಲ್ಲಿ ಪೆಟ್ಟಿಗೆ ಎತ್ತಿಡುತ್ತಾನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಕೋಣೆಗೆ ಬಂದಾಗ ನಮ್ಮಲ್ಲಿ ನಸುಕಿನ ಮೂರೂವರೆ. ಮಾತನಾಡಬೇಕೆನಿಸಿದಾಗ ಮನೆಯವರೆಲ್ಲ ನಿದ್ರೆಯಲ್ಲಿರುತ್ತಾರೆ.

“ರವಿವಾರ ಕೋಣ್ಯಾಗ ಕುಂತ್ರ ಗ್ವಾಡಿ ಮೈಮ್ಯಾಲ ಬಂದಂಗ ಆಕ್ಕಿತ್ರಿ ಅಜ್ಜಾರ. ಅದಕ್ಕ ಬುತ್ತಿ ಕಟಗೊಂಡು ನಡಕೋತ ಹೊಂಟಬಿಡತಿದ್ದೆ. ಅವ್ವ ನೋಡಿ ಸಮಾಧಾನ ಆಗಲಿ ಅಂತ ಫೋಟೋದಾಗ ನಗತಿದ್ದೆ” ಎಂದನು.

ಈ ಮಾತು ನಮ್ಮ ಎದೆಗೆ ನಾಟಿತು. ತಂದೆಗೆ ಮೋಜಾಗಿ ಕಂಡ ನಗೆ, ತಾಯಿಯ ಚಿಂತೆ ಕಳೆಯಲೆಂದು ಮಗ ಕಳಿಸಿದ ಉಡುಗೊರೆಯಾಗಿತ್ತು.

ಇನ್ನು ಆ ತಿರುಗಾಟಗಳ ವಿವರ ಕೇಳಿದರೆ ಓದುಗರಿಗೂ ಸಂತೋಷವಾದೀತು. ನದಿಯ ದಂಡೆಯ ಚಿತ್ರ ತೆಗೆದದ್ದು ಥೇಮ್ಸ್ ಬ್ಯಾರಿಯರ್ ಎಂಬಲ್ಲಿ. ಸಮುದ್ರದ ಉಬ್ಬರ ನದಿಯೊಳಗೆ ನುಗ್ಗಿ ಲಂಡನ್ ಮುಳುಗದಂತೆ ತಡೆಯಲು ಕಟ್ಟಿದ ಬಾಗಿಲುಗಳವು. ನದಿಯ ಅಡ್ಡಲಾಗಿ 520 ಮೀಟರು ಉದ್ದ, ಒಟ್ಟು 10 ಉಕ್ಕಿನ ಬಾಗಿಲುಗಳು. 1982ರಿಂದ ಕೆಲಸ ಮಾಡುತ್ತಿವೆ. ನಡುವಿನ ದೊಡ್ಡ ಬಾಗಿಲುಗಳು ಉಳಿದ ದಿನ ನದಿಯ ತಳದಲ್ಲಿ ಮಲಗಿರುತ್ತವೆ, ಹಡಗುಗಳು ಅವುಗಳ ಮೇಲೆಯೇ ಸಾಗುತ್ತವೆ. ಅಪಾಯ ಬಂದಾಗ ಮೇಲೇಳುತ್ತವೆ. ಅದನ್ನು ನೋಡುತ್ತ ಅವನು ರಾಮದುರ್ಗದ ಅಜ್ಜಿಯ ಮನೆಯನ್ನು ನೆನೆಯುತ್ತ ಎರಡು ತಾಸು ನಿಂತಿದ್ದನಂತೆ. ಅವನ ಪ್ರಬಂಧದ ವಿಷಯ ಹುಟ್ಟಿದ್ದು ಅಲ್ಲಿ. ಖರ್ಚಾದದ್ದು ಬಸ್ಸಿನ ಹಣ ಮಾತ್ರ.

ಬ್ರಿಟಿಷ್ ಮ್ಯೂಜಿಯಮ್ಮಿಗೆ ಪ್ರವೇಶ ಶುಲ್ಕವಿಲ್ಲ. ಬ್ರಿಟಿಷ್ ಲೈಬ್ರರಿಯ ಓದುಗರ ಚೀಟಿಯೂ ಉಚಿತ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಕಾಗದಪತ್ರಗಳು ಆ ಗ್ರಂಥಾಲಯದಲ್ಲಿವೆ. ಅಲ್ಲಿ ಕುಳಿತು ಹುಡುಗ ಕಿತ್ತೂರಿನ ಹೆಸರನ್ನು ಕಂಪನಿಯ ಕಾರಕೂನನ ಕೈಬರಹದಲ್ಲಿ ಓದಿದನು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತದ್ದನ್ನೂ, ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಲಿಂಗೈಕ್ಯಳಾದದ್ದನ್ನೂ ಅವನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನು. “ಚನ್ನಮ್ಮನ ಸಮಾಧಿ ಮುಂದ ದಿನಾ ಬಸ್ಸಿಗೆ ನಿಂತಾಂವ ನಾ, ಒಂದ ದಿನಾ ಒಳಗ ಹೋಗಿಲ್ರಿ. ಊರಿಗೆ ಬಂದ ಮ್ಯಾಲ ಮೊದಲ ಅಲ್ಲಿಗೆ ಹೋಗಾಂವ” ಎಂದನು. ದೂರ ಹೋದ ಮೇಲೆಯೇ ತನ್ನ ನೆಲ ಕಣ್ಣಿಗೆ ಬೀಳುವುದು ಮನುಷ್ಯ ಸ್ವಭಾವ. ಥೇಮ್ಸ್ ತೀರದಲ್ಲಿ 2015ರ ನವೆಂಬರ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಮುಂದೆಯೂ ಅವನು ಕೆಲ ಸಂಜೆ ಕುಳಿತು ಎದ್ದದ್ದುಂಟು. ಅಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದಾಗ ತನಗೆ ಪರಿಚಯವಿಲ್ಲದವರನ್ನೂ ನಿಲ್ಲಿಸಿ ಮಾತನಾಡಿಸುತ್ತಿದ್ದನಂತೆ.

ಇದನ್ನೆಲ್ಲ ನಾವು ತಂದೆಗೆ ಹೇಳಿದೆವು. ಅವರು ಸುಮ್ಮನೆ ಕೇಳಿದರು. ಕೊನೆಗೆ ನಾವು, “ಗೌಡರ, ವರ್ಷಾ ಬನದ ಹುಣ್ಣಿವಿಗೆ ಚಕ್ಕಡಿ ಕಟಗೊಂಡು ಸವದತ್ತಿ ಗುಡ್ಡಕ್ಕ ಹೋಗತೀರಲ್ಲ, ಯಾಕ?” ಎಂದೆವು. “ದೇವರ ಹರಕೀರಿ. ಮತ್ತ ವರ್ಷಾನಗಟ್ಟಲೆ ಹೊಲದಾಗ ದುಡದ ಜೀವಕ್ಕ ನಾಕ ದಿನಾ ಹಗರ ಆಕ್ಕೈತಿ” ಎಂದರು. ಹಾಗೆ ಹೇಳಿದವರೇ ತಲೆ ತಗ್ಗಿಸಿ ನಕ್ಕರು. ಎತ್ತಿಗೂ ಹೆಗಲು ಬದಲಿಸಿ ಕಟ್ಟುವ ರೈತನಿಗೆ ಮಗನ ದಣಿವು ತಿಳಿಯದೇ ಇರಲು ಸಾಧ್ಯವಿಲ್ಲ. ಹೇಳುವವರು ಬೇಕಾಗಿತ್ತು, ಅಷ್ಟೆ. ಆ ರವಿವಾರ ಅವರೇ ಫೋನು ಹಚ್ಚಿ “ಏನ ಉಂಡೆಪಾ?” ಎಂದು ಕೇಳಿದರೆಂದು ತಾಯಿ ತಿಳಿಸಿದರು.

ಹುಡುಗ ಪ್ರಬಂಧ ಒಪ್ಪಿಸಿ ಪದವಿ ಮುಗಿಸಿದ್ದಾನೆ. ಸಾಲ ಇನ್ನೂ ತೀರಿಲ್ಲ, ಭೂಮಿಯ ಪತ್ರ ಬ್ಯಾಂಕಿನಲ್ಲಿಯೇ ಇದೆ. ಆದ್ದರಿಂದ ಪರದೇಶದ ಓದು ಹಗುರವಾದ ಮಾತೆಂದು ನಾವು ಹೇಳುವುದಿಲ್ಲ. ಇದ್ದುದರಲ್ಲಿ ಖರ್ಚು ಮಾಡಬೇಕು. ಲೆಕ್ಕವನ್ನು ಮಕ್ಕಳು ಮನೆಗೆ ಒಪ್ಪಿಸಬೇಕು, ಮನೆಯ ಸಾಲದ ಲೆಕ್ಕವನ್ನೂ ಹಿರಿಯರು ಮಕ್ಕಳಿಗೆ ಮುಚ್ಚಬಾರದು. ಆದರೆ ಲೆಕ್ಕ ಕೇಳುವ ಮುನ್ನ ಊಟ ಕೇಳಬೇಕು. ಅಂಕ ಕೇಳುವ ಮುನ್ನ ಜೊತೆಗೆ ಯಾರಿದ್ದಾರೆಂದು ಕೇಳಬೇಕು. ವಾರಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು, ಅವರ ಗಡಿಯಾರ ನೋಡಿ ಮಾತನಾಡಬೇಕು. ಕಳಿಸುವ ಮೊದಲು ನವಿಲುತೀರ್ಥ, ಕಿತ್ತೂರ ಕೋಟೆ, ಶಿರಸಂಗಿಯ ವಾಡೆಗಳನ್ನು ಒಮ್ಮೆ ಮನೆಮಂದಿಯೆಲ್ಲ ಕೂಡಿ ತೋರಿಸಿ ತರಬೇಕು. ತನ್ನದನ್ನು ಕಂಡವನು ಪರರದನ್ನು ಅಳೆದು ನೋಡಬಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹೇಳುವಾಗ ನಮ್ಮ ಹಿರಿಯರು ಸುತ್ತುವ ಮಾತನ್ನೇ ಮೊದಲಿಟ್ಟರು. ದೂರದಲ್ಲಿರುವ ಮಗ ಅಥವಾ ಮಗಳು ಮುಂದಿನ ಸಲ ನಗುವ ಚಿತ್ರ ಕಳಿಸಿದಾಗ, ಆ ಚಿತ್ರ ತೆಗೆಯುವ ಮುನ್ನ ಅವರ ದಿನ ಹೇಗೆ ಕಳೆದಿತ್ತೆಂದು ತಾಯಿತಂದೆಗಳು ಕೇಳಲಿ.