ಗಣಿ ನಿಂತರೂ ನಿಲ್ಲದ ಹಾಡು

ಕೆ.ಜಿ.ಎಫ್.ನ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. 1880ರಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿದ ಕೆಲಸ 120 ವರ್ಷಗಳ ಬಳಿಕ ನಿಂತಿತು. ಭಾನುವಾರದ ಆರಾಧನೆ ನಿಲ್ಲಲಿಲ್ಲ. ಕೆಲಸವೇ ಹೋದ ಜನ ದೇವರಿಗೆ ಸ್ತೋತ್ರ ಹೇಳುವುದು ಯಾತಕ್ಕಾಗಿ? ಬಂಗಾರಪೇಟೆಯವನಾದ ನನ್ನನ್ನು ಈ ಪ್ರಶ್ನೆ ಬಹುಕಾಲ ಕಾಡಿದೆ.

ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಮಾಧಾನ, ಕೃತಜ್ಞತೆ, ಹಾಡು ಮೂರೂ ಒಟ್ಟಿಗೇ ಬರುತ್ತವೆ. ಅದೇ ಪತ್ರದ ಕೊನೆಯಲ್ಲಿ ಅವನು ತನ್ನ ಬೇಡಿಗಳನ್ನು ನೆನಪಿಸುತ್ತಾನೆ. ಬೇಡಿ ಒಳ್ಳೆಯದೆಂದು ಅವನೆಲ್ಲೂ ಹೇಳುವುದಿಲ್ಲ. ಬೇಡಿ ಇದ್ದೂ ಕೃತಜ್ಞನಾಗಿರುತ್ತಾನೆ.

ಇಲ್ಲಿನವರ ಹಾಡೂ ಹಾಗೆಯೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಒಳಗೆ ಬಂಡೆ ಸಿಡಿದರೆ ಮೇಲಿನ ಲೈನ್ ಮನೆಗಳೂ ಅದುರುತ್ತಿದ್ದವು. ಪಾಳಿ ಮುಗಿಸಿ ಮನೆಯವರು ಮರಳಿದರೆ ಅದೇ ಸ್ತೋತ್ರಕ್ಕೆ ಕಾರಣ. ಈಗ ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ರಾತ್ರಿ ಅವರು ಮನೆ ಸೇರಿದಾಗ ತಾಯಂದಿರು ಹೇಳುವ ಸ್ತೋತ್ರ ಹಳೆಯದೇ.

ಸಭೆಯಲ್ಲಿ ಹಾಡುವಾಗ ಇನ್ನೊಂದನ್ನು ಕಂಡಿದ್ದೇನೆ. ದುಃಖದಿಂದ ಒಬ್ಬರ ಗಂಟಲು ಕಟ್ಟಿದರೆ ಪಕ್ಕದವರು ಆ ಸಾಲನ್ನು ಮುಂದುವರಿಸುತ್ತಾರೆ. ತಮಿಳಾಗಲಿ, ಕನ್ನಡವಾಗಲಿ, ತೆಲುಗಾಗಲಿ, ಹಾಡು ನಡುವೆ ನಿಲ್ಲುವುದಿಲ್ಲ. ನಾನು ಬಲ್ಲ ಸಮಾಧಾನ ಇದು: ನನ್ನ ದನಿ ಸೋತಾಗ ಇನ್ನೊಂದು ದನಿ ಇದೆಯೆಂಬ ಭರವಸೆ. ಆದರೆ ಹಾಡಿಗೆ ದನಿಗೂಡಿಸಿದವರು ಸೋಮವಾರ ಆ ಮನೆಗೆ ಅಕ್ಕಿಯನ್ನೋ ಮಗುವಿನ ಫೀಸನ್ನೋ ತಲುಪಿಸಬೇಕು. ಆಗಲೇ ಭಾನುವಾರದ ಆರಾಧನೆ ಪೂರ್ತಿಯಾಗುವುದು.