ಸ್ಲರಿ ಟ್ಯಾಂಕ್ ಕಟ್ಟೋ ಮೊದಲು ಒಂದು ಬಕೆಟ್ ತಗೊಳ್ಳಿ

ಈ ಸಲ ಸೆಗಣಿ ಬಗ್ಗೆ ಬರೀತೀವಿ ಅಂದಾಗ ಸಂಘದ ಗ್ರೂಪ್ ತುಂಬ ನಗೋ ಇಮೋಜಿಗಳೇ ಬಂದವು. ನಗಿ, ಪರವಾಗಿಲ್ಲ. ನಾಲ್ಕನೇ ಸೆಮಿಸ್ಟರಿನ ಫ್ಲೂಯಿಡ್ ಮೆಕ್ಯಾನಿಕ್ಸು, ಆರನೇ ಸೆಮಿಸ್ಟರಿನ ಆರ್‌ಸಿಸಿ ಡಿಸೈನು ಎರಡೂ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಕೊಟ್ಟಿಗೆಯ ಹಿಂದೆ.

ನಮ್ಮ ರೂಮ್‌ಮೇಟ್ ಒಬ್ಬನ ಮನೆ ತೀರ್ಥಹಳ್ಳಿ ಕಡೆ. ಐದು ಹಸು, ಕೆಳಗೆ ಅಡಕೆ ತೋಟ. ಸೊಪ್ಪು ಹಾಸುವ ಹಳೇ ಕೊಟ್ಟಿಗೆ ಅಲ್ಲ; ಸಿಮೆಂಟ್ ನೆಲ, ಮೇಲೆ ರಬ್ಬರ್ ಮ್ಯಾಟ್. ಸೆಗಣಿ, ಗಂಜಲ, ತೊಳೆದ ನೀರು ಎಲ್ಲ ಸೇರಿ ಸ್ಲರಿಯಾಗಿ ಹಿಂದಿನ ಮಣ್ಣಿನ ಗುಂಡಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ತೊಂದರೆ ಇಲ್ಲ, ತುಂಬಿದ ಹಾಗೆ ತೋಟಕ್ಕೆ ಬಿಡಬಹುದು. ಮಳೆಗಾಲದಲ್ಲಿ ಹಾಗೆ ಬಿಟ್ಟರೆ ಗಿಡದ ಬುಡದಲ್ಲಿ ನಿಲ್ಲದೆ ಕೊಚ್ಚಿಕೊಂಡು ಹೋಗತ್ತೆ. ಕಳೆದ ಜುಲೈನಲ್ಲಿ ಗುಂಡಿಯೇ ತುಂಬಿ ಹಳ್ಳಕ್ಕೆ ಹರಿಯಿತು. ಕೆಳಗಿನ ಮನೆಯವರು ಬಂದು ಬೇಜಾರು ಮಾಡಿಕೊಂಡು ಹೋದರು. ಅವರ ಬಾವಿ ಆ ಹಳ್ಳದ ಪಕ್ಕದಲ್ಲೇ ಇದೆ. ಗೊಬ್ಬರವೂ ಹೋಯ್ತು, ಮಾತೂ ಕೆಟ್ಟಿತು.

ಗೆಳೆಯನ ಅಪ್ಪಯ್ಯ ದೀಪಾವಳಿ ರಜೆಯಲ್ಲಿ ನಮ್ಮನ್ನು ಕೂರಿಸಿಕೊಂಡು ಕೇಳಿದರು: "ನೀವು ಮೂರು ಜನ ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಕಡಿಮೆ ಖರ್ಚಿನಲ್ಲಿ ಒಂದು ಟ್ಯಾಂಕ್ ಹೇಳಿ ಮಾರಾಯ್ರಾ."

ಯಾವ ಟ್ಯಾಂಕ್ ಅನ್ನೋದಕ್ಕಿಂತ ಮೊದಲು ಎಷ್ಟು ದೊಡ್ಡದು ಅನ್ನೋದು ಗೊತ್ತಾಗಬೇಕು. ಒಂದು ಮಿಶ್ರತಳಿ ಹಸು ದಿನಕ್ಕೆ ಸುಮಾರು 15 ಕೆ.ಜಿ. ಸೆಗಣಿ, 10 ಲೀಟರ್ ಗಂಜಲ ಅಂತ ಹಿಡಿದೆವು. ಐದಕ್ಕೆ 125 ಲೀಟರ್. ಉಳಿದದ್ದು ತೊಳೆಯುವ ನೀರು. ಅದನ್ನು ಅಂದಾಜು ಮಾಡದೆ ಅಳೆದೆವು. 20 ಲೀಟರಿನ ಬಕೆಟ್ ಪೈಪಿನ ಕೆಳಗಿಟ್ಟು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದರೆ 50 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 24 ಲೀಟರ್. ಬೆಳಗ್ಗೆ 12, ಸಂಜೆ 12 ನಿಮಿಷ ಪೈಪ್ ಹರಿಯುತ್ತಿತ್ತು. ಅಂದರೆ ದಿನಕ್ಕೆ 576 ಲೀಟರ್.

ಒಟ್ಟು 700 ಲೀಟರ್. ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ 120 ದಿನ ಹಿಡಿದರೆ 84,000 ಲೀಟರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು! ಅಷ್ಟು ದೊಡ್ಡ ಕಾಂಕ್ರೀಟ್ ಟ್ಯಾಂಕಿಗೆ ಮೇಸ್ತ್ರಿ ಹೇಳಿದ ರೇಟು ಕೇಳಿದರೆ ಆ ಮನೆಯ ಒಂದು ವರ್ಷದ ಹಾಲಿನ ದುಡ್ಡು ಪೂರ್ತಿ ಕೊಟ್ಟರೂ ಸಾಲದು.

ಮೊದಲು ಸೆಗಣಿ ಬಾಚಿ ಚರಂಡಿಗೆ ತಳ್ಳಿ, ಆಮೇಲೆ ಬೆಳಗ್ಗೆ ಮಾತ್ರ ಐದು ಬಕೆಟ್ ನೀರಲ್ಲಿ ತೊಳೆದು, ಸಂಜೆ ಬರೀ ಬಾಚಿದರೆ? ನೀರು 100 ಲೀಟರಿಗೆ ಇಳಿಯತ್ತೆ. ದಿನಕ್ಕೆ 225, ನಾಲ್ಕು ತಿಂಗಳಿಗೆ 27,000 ಲೀಟರ್. ಪೈಪಿನಲ್ಲಿ ಹರಿಯುವಷ್ಟು ತೆಳುವಾಗಿಯೂ ಇರತ್ತೆ. ಟ್ಯಾಂಕ್ ಮೂರನೇ ಒಂದು ಭಾಗಕ್ಕೆ ಇಳಿಯಿತಲ್ಲ ಅಂತ ನಾವು ಖುಷಿಯಾಗಿ ಹೇಳಿದರೆ, ಅಲ್ಲೇ ಹುಲ್ಲು ಹಾಕುತ್ತಿದ್ದ ಗೆಳೆಯನ ಅಮ್ಮ ಕೇಳಿದರು: "ಲೀಟರಿನ ಲೆಕ್ಕ ಸರಿ ಮಕ್ಳೇ. ನನ್ನ ಸೊಂಟದ ಲೆಕ್ಕ ಯಾರು ಹಾಕ್ತೀರಿ?"

ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಲೋಡ್ ಅದು. ಪೈಪ್ ಹಿಡಿದು ನಿಲ್ಲೋದಕ್ಕೂ ಬಗ್ಗಿ ಬಾಚೋದಕ್ಕೂ ಇರುವ ವ್ಯತ್ಯಾಸ ದಿನಾ ಎರಡು ಹೊತ್ತು ಅವರಿಗೇ ಬೀಳೋದು. ಆಮೇಲೆ ಒಪ್ಪಂದವಾಯಿತು: ಬಗ್ಗದೆ ಎಳೆಯೋ ಹಾಗೆ ಉದ್ದ ಹಿಡಿಕೆಗೆ ಅಗಲದ ರಬ್ಬರ್ ಪಟ್ಟಿ ಕಟ್ಟೋದು, ನೆಲದ ಇಳಿಜಾರು ತಪ್ಪಿದ ಎರಡು ಕಡೆ ಸಿಮೆಂಟ್ ಹಾಕಿ ಸರಿ ಮಾಡೋದು, ಸಂಜೆಯ ಪಾಳಿ ಅಪ್ಪಯ್ಯನದ್ದು. ಅವರು ಒಪ್ಪಿದ ಮೇಲೇ 27,000 ಅನ್ನೋ ಅಂಕಿಗೆ ಬೆಲೆ ಬಂದದ್ದು.

ಇನ್ನು ಮಳೆ. 5 ಮೀಟರ್ ವ್ಯಾಸದ ದುಂಡನೆ ಟ್ಯಾಂಕಿನಲ್ಲಿ 1.4 ಮೀಟರ್ ತುಂಬಿದರೆ 27,000 ಲೀಟರ್ ಹಿಡಿಯತ್ತೆ. ಮೇಲೆ 30 ಸೆಂ.ಮೀ. ಖಾಲಿ ಬಿಡಬೇಕು. ಬಾಯಿಯ ವಿಸ್ತೀರ್ಣ ಸುಮಾರು 19.6 ಚದರ ಮೀಟರ್. ನಾಲ್ಕು ತಿಂಗಳಲ್ಲಿ 2,500 ಮಿ.ಮೀ. ಮಳೆ ಬಿದ್ದರೆ ತೆರೆದ ಬಾಯಿಗೆ 49,000 ಲೀಟರ್ ಇಳಿಯತ್ತೆ. ಹಸುಗಳು ಕೊಡುವುದಕ್ಕಿಂತ ಆಕಾಶ ಕೊಡುವುದೇ ಹೆಚ್ಚು. ಹಾಗಾಗಿ ಮಲೆನಾಡಿನಲ್ಲಿ ಮಾಡು ಅನ್ನೋದು ಟ್ಯಾಂಕಿನದೇ ಒಂದು ಭಾಗ. ಅಡಕೆ ಮರದ ಕಂಬ, ಮೇಲೆ ಶೀಟ್, ಸುತ್ತ ಗಾಳಿ ಆಡಲು ಖಾಲಿ. ಕೊಟ್ಟಿಗೆ ಸೂರಿನ ನೀರಿಗೂ ದೋಣಿ ಕಟ್ಟಿ ಬೇರೆ ಕಡೆ ತಿರುಗಿಸಬೇಕು.

ಇಷ್ಟಾದ ಮೇಲೆ ಯಾವ ಟ್ಯಾಂಕ್ ಅನ್ನೋ ಪ್ರಶ್ನೆ. 5,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಆದರೆ ಆರು ಬೇಕು; ಬಾಯಿ ಚಿಕ್ಕದು, ತಳದಲ್ಲಿ ಕೂತ ನಾರು ಕಲಕೋದು ಕಷ್ಟ. ನಾಲ್ಕಡಿ ಸಿಮೆಂಟ್ ರಿಂಗ್ ಒಂದಡಿ ಎತ್ತರಕ್ಕೆ 350 ಲೀಟರಷ್ಟೇ ಹಿಡಿಯತ್ತೆ. ಸುಮಾರು 77 ರಿಂಗ್, ಅಷ್ಟೂ ಸಂದು ಸೋರದ ಹಾಗೆ ನೋಡಿಕೊಳ್ಳಬೇಕು. ಜಂಬಿಟ್ಟಿಗೆ ಕಲ್ಲು ಊರಲ್ಲೇ ಸಿಗತ್ತೆ, ಆದರೆ ನೀರು ಹೀರತ್ತೆ. ಒಳಗಿನ ಒತ್ತಡಕ್ಕೆ ಗೋಡೆ ಬಿರಿಯದ ಹಾಗೆ ಬೆಲ್ಟ್ ಹಾಕಬೇಕು.

ಎಲ್ಲಕ್ಕಿಂತ ಅಗ್ಗ ಕೃಷಿ ಹೊಂಡಕ್ಕೆ ಹಾಸುವಂಥ ಪ್ಲಾಸ್ಟಿಕ್ ಶೀಟಿನ ಗುಂಡಿ. ಚಿತ್ರದುರ್ಗ, ಕೋಲಾರದ ಕಡೆ ನಾವು ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆವು. ಇಲ್ಲಿ ಮಳೆಗಾಲದಲ್ಲಿ ಒಂದೆರಡು ಅಡಿ ಅಗೆದರೆ ನೀರು. ಗುಂಡಿ ಖಾಲಿ ಇದ್ದಾಗ ಕೆಳಗಿನ ಒರತೆ ಶೀಟನ್ನೇ ಎತ್ತಿ ಹಾಕತ್ತೆ. ಕಾಂಕ್ರೀಟಿಗೂ ಇದೇ ಕಥೆ: 5 ಮೀಟರಿನ ಟ್ಯಾಂಕ್ ಒಂದು ಮೀಟರ್ ಅಂತರ್ಜಲದಲ್ಲಿ ಮುಳುಗಿದ್ದರೆ ಮೇಲಕ್ಕೆ ತಳ್ಳುವ ಬಲ ಸುಮಾರು 20 ಟನ್. ಆರ್ಕಿಮಿಡೀಸ್ ಪರೀಕ್ಷೆಗೆ ಮಾತ್ರ ಬರೋದಲ್ಲ.

ಕೊನೆಗೆ ನಾವು ಕೊಟ್ಟ ಸಲಹೆ ಫೆರೋಸಿಮೆಂಟಿನ ದುಂಡು ಟ್ಯಾಂಕ್: ಸರಳು, ಕೋಳಿ ಬಲೆ, ಮೇಲೆ ಗಾರೆ, ತೆಳು ಗೋಡೆ. ಅಷ್ಟೇ ವಿಸ್ತೀರ್ಣದ ಚೌಕಕ್ಕೆ 17.7 ಮೀಟರ್ ಗೋಡೆ ಬೇಕಾದರೆ ದುಂಡಿಗೆ 15.7 ಸಾಕು, ಮೂಲೆ ಬಿರುಕಿನ ಭಯವೂ ಇಲ್ಲ. ಬುಡದಲ್ಲಿ ಗೋಡೆಯನ್ನು ಎಳೆಯುವ ಬಲ ಮೀಟರ್ ಎತ್ತರಕ್ಕೆ ಸುಮಾರು 3.5 ಟನ್. ನೀರಿನ ಟ್ಯಾಂಕುಗಳ ಕೋಡ್ ಐಎಸ್ 3370 ಹಿಡಿದು ಲೆಕ್ಕ ಹಾಕಿದರೆ ಕೆಳಭಾಗಕ್ಕೆ 8 ಮಿ.ಮೀ. ಸರಳು 15 ಸೆಂ.ಮೀ.ಗೊಂದರಂತೆ ಸುತ್ತಿದರೆ ಸಾಕು. ನಮ್ಮ ಡಿಪಾರ್ಟ್‌ಮೆಂಟಿನ ಮೇಷ್ಟ್ರೊಬ್ಬರು ಹಾಳೆ ಪೂರ್ತಿ ನೋಡಿ ಸಹಿ ಹಾಕಿದ ಮೇಲೇ ಊರಿಗೆ ಕಳಿಸಿದೆವು. ಜಾಗ ಕೊಟ್ಟಿಗೆಗೂ ತೋಟಕ್ಕೂ ನಡುವಿನ ಇಳಿಜಾರು, ನೆಲದ ಮೇಲೇ. ಮನೆಯ ಬಾವಿ ಮೇಲುಗಡೆ ಉಳಿಯತ್ತೆ, ಸ್ಲರಿ ಪಂಪಿಲ್ಲದೆ ತಾನೇ ತೋಟಕ್ಕೆ ಇಳಿಯತ್ತೆ.

ಒಂದು ವಿಷಯ ಮಾತ್ರ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆವು: ಟ್ಯಾಂಕಿನೊಳಗೆ ಯಾರೂ ಇಳಿಯಬಾರದು. ಸ್ಲರಿ ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಏಳತ್ತೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲತ್ತೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದ ಹಾಗೆ ಮಾಡತ್ತೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯೋದು ಹೀಗೇ. ಕಲಕೋದು ಹೊರಗಿನಿಂದ, ಉದ್ದ ಕೋಲಿನಿಂದ, ಗಾಳಿ ಬರುವ ಕಡೆ ನಿಂತು.

ಕೆಲಸ ಅಡಕೆ ಕೊಯ್ಲು ಮುಗಿದ ಮೇಲೆ ಶುರು, ಮೇ ಒಳಗೆ ಕ್ಯೂರಿಂಗ್ ಆಗಬೇಕು. ಬಾಚೋ ಅಭ್ಯಾಸ ಮಾತ್ರ ಆಗಲೇ ಶುರುವಾಗಿದೆ. ಹಳೇ ಗುಂಡಿ ತುಂಬೋದು ತಡವಾಗ್ತಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದರು. ಸಂಜೆಯ ಪಾಳಿ ಅಪ್ಪಯ್ಯ ಎರಡು ದಿನ ತಪ್ಪಿಸಿದ್ದನ್ನೂ ಹೇಳಿದರು.

ನಿಮ್ಮಲ್ಲಿ ಯಾರ ಮನೆಯಲ್ಲಿ ಹಸು, ಎಮ್ಮೆ ಇದೆಯೋ ಅವರು ಮುಂದಿನ ರಜೆಗೆ ಹೋದಾಗ ಒಂದು ದಿನ ಬಕೆಟ್, ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಬಾಚುವವರು ಯಾರು ಅಂತಲೂ ಪಕ್ಕದಲ್ಲಿ ಬರೆದುಕೊಳ್ಳಿ. ಅಂಕಿ ತನ್ನಿ, ಲೆಕ್ಕಕ್ಕೆ ಜೊತೆಗೆ ಕೂರೋಣ.