ಲ್ಯಾಪ್‌ಟಾಪಿನ ಮರೆವು

ನಮ್ಮ ಮನೆಯಲ್ಲೊಂದು ಲ್ಯಾಪ್‌ಟಾಪ್ ಇದೆ. ಅದನ್ನು ಮನೆಯ ಸಾಮಾನುಗಳ ಪಟ್ಟಿಗೆ ಸೇರಿಸಬೇಕೋ ಮನೆಯ ಹಿರಿಯರ ಪಟ್ಟಿಗೆ ಸೇರಿಸಬೇಕೋ ಎಂಬ ವಿಷಯದಲ್ಲಿ ನನಗೂ ನನ್ನ ಶ್ರೀಮತಿಗೂ ಬಹುಕಾಲದಿಂದ ಅಭಿಪ್ರಾಯಭೇದವಿದೆ. ೨೦೧೧ರಲ್ಲಿ, ನಾನು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿದ ವರ್ಷ, ಮೊದಲ ಮೂರು ತಿಂಗಳ ಸಂಬಳವನ್ನು ಕೂಡಿಟ್ಟು ಕೊಂಡದ್ದು ಅದು. ಅದರ ಬ್ಯಾಟರಿ ತೀರಿಹೋಗಿ ಎಷ್ಟೋ ವರ್ಷಗಳಾದುವು. ಗೋಡೆಯ ವಿದ್ಯುತ್ತಿನ ಆಸರೆಯಿಲ್ಲದೆ ಕ್ಷಣಮಾತ್ರವೂ ನಿಲ್ಲದು. ಲಕಾರದ ಕೀಲಿಯ ಮೇಲುಮುಚ್ಚಳ ಕಿತ್ತುಹೋಗಿದೆ. "ಹೊಸದೊಂದನ್ನು ತರಬಾರದೇ?" ಎಂದು ಆಕೆ ಕೇಳಿದಾಗಲೆಲ್ಲ, "ಇನ್ನೂ ನಡೆಯುತ್ತಿದೆಯಲ್ಲ" ಎಂಬುದೇ ನನ್ನ ಉತ್ತರ. ಕಳೆದ ಜೂನ್ ತಿಂಗಳ ಒಂದು ಬೆಳಗ್ಗೆ ಆ ಉತ್ತರಕ್ಕೂ ಎಡೆಯಿಲ್ಲದಂತಾಯಿತು.

ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು ಮೂಡಿತು: ಯಂತ್ರವನ್ನು ಎಬ್ಬಿಸತಕ್ಕ ವ್ಯವಸ್ಥೆ ಎಲ್ಲಿಯೂ ಸಿಗುತ್ತಿಲ್ಲವೆಂದು ಅದರ ತಾತ್ಪರ್ಯ. ಒಳಗಿನಿಂದ ಟಕ್, ಟಕ್, ಟಕ್ ಎಂದು ಸದ್ದು. ಪಕ್ಕದ ಕೋಣೆಯಲ್ಲಿ ಹೂ ಕಟ್ಟುತ್ತಿದ್ದ ನನ್ನ ತಾಯಿ ಹಲ್ಲಿ ನುಡಿಯಿತೆಂದು ಭಾವಿಸಿ, ನೆಲವನ್ನು ತಟ್ಟಿ, "ಕೃಷ್ಣ ಕೃಷ್ಣ" ಎಂದರು. ಶಕುನ ಸುಳ್ಳಾಗಿರಲಿಲ್ಲ.

ಆ ದಿನವೆಲ್ಲ ನಾನು ಮಾಡಿದ ಕೆಲಸವೆಂದರೆ ಯಂತ್ರವನ್ನು ಆರಿಸುವುದು, ಹೊತ್ತಿಸುವುದು. ನಲವತ್ತು ಬಾರಿಯಾದರೂ ಹಾಗೆ ಮಾಡಿರಬೇಕು. ಬೀದಿಯ ಕೊನೆಯ ರಿಪೇರಿ ಅಂಗಡಿಯಾತ ತಿರುಗಿಸಿಯೂ ನೋಡದೆ, "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು, ಕೆಟ್ಟ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮಂಜಿನ ಅರೆಯಲ್ಲಿ ಒಂದು ರಾತ್ರಿ ಇಟ್ಟರೆ ಜೀವ ಬರುತ್ತದೆಂದು ಹೇಳಿದರು. ನನ್ನ ಶ್ರೀಮತಿ ಅದಕ್ಕೆ ಒಪ್ಪಲಿಲ್ಲ. ಒಳಗೆ ತೇವ ಕಟ್ಟಿ ಅಳಿದುಳಿದದ್ದೂ ಹಾಳಾಗುತ್ತದೆಂಬುದು ಆಮೇಲೆ ತಿಳಿಯಿತು. ಆಕೆಯ ಆಕ್ಷೇಪಣೆ ದೋಸೆಯ ಹಿಟ್ಟಿನ ದೃಷ್ಟಿಯಿಂದ ಬಂದುದಾದರೂ ಪರಿಣಾಮದಲ್ಲಿ ವೈಜ್ಞಾನಿಕವಾಗಿಯೇ ಇತ್ತು.

ಇಷ್ಟು ವ್ಯಾಕುಲತೆ ಏಕೆಂದು ವಾಚಕರು ಕೇಳಬಹುದು. ೨೦೧೨ರ ಬೇಸಗೆಯಲ್ಲಿ ಊರಿಗೆ ಹೋಗಿ, ಅಜ್ಜಿಯ, ಎಂದರೆ ನನ್ನ ತಾಯಿಯ ತಾಯಿಯ, ಬಾಯಿಂದ ಬೀಸುವ ಪದಗಳನ್ನು ಬರೆದುಕೊಂಡಿದ್ದೆ. ಒಟ್ಟು ೨೧೪ ಪದಗಳು. ಎರಡು ನೋಟುಪುಸ್ತಕ ತುಂಬಿದ್ದುವು. ಅವನ್ನೆಲ್ಲ ಇದೇ ಯಂತ್ರದಲ್ಲಿ ನುಡಿ ತಂತ್ರಾಂಶದಿಂದ ಬೆರಳಚ್ಚು ಮಾಡಿದೆ. ಅಜ್ಜಿ ೨೦೧೬ರಲ್ಲಿ ತೀರಿಕೊಂಡರು. ನೋಟುಪುಸ್ತಕಗಳೋ! ಅದಕ್ಕೂ ಒಂದು ವರ್ಷ ಮುಂಚೆ ಮನೆ ಬದಲಾಯಿಸುವಾಗ, "ಕಂಪ್ಯೂಟರಿನಲ್ಲಿ ಇದೆಯಲ್ಲ" ಎಂದು ಹಳೆಯ ಪೇಪರಿನವನ ತಕ್ಕಡಿಗೆ ನನ್ನ ಕೈಯಾರೆ ಹಾಕಿದ್ದೆ. "ಇರಲಿ ಬಿಡೋ, ಜಾಗ ಏನು ಮಹಾ ತಿನ್ನುತ್ತೆ" ಎಂದಿದ್ದರು ನನ್ನ ತಾಯಿ. ಈಗ ಅವರು ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಕೊನೆಗೆ ನೆನಪಾದವನು ನನ್ನ ಹಳೆಯ ಶಿಷ್ಯ. ಹಳಗನ್ನಡದ ಪತ್ರಿಕೆಯಲ್ಲಿ ನಾನೇ ಅವನಿಗೆ ೩೫ ಅಂಕ ಕೊಟ್ಟು ದಾಟಿಸಿದ್ದೆ. ಈಗ ಅವನು ಕಂಪ್ಯೂಟರ್ ರಿಪೇರಿಯ ಕೆಲಸದಲ್ಲಿದ್ದಾನೆ. ದೂರವಾಣಿಯಲ್ಲಿ ಟಕ್ ಟಕ್ ಎಂಬುದನ್ನು ಕೇಳಿಸಿದೆ.

"ಸಾರ್, ಮೊದಲು ಆಫ್ ಮಾಡಿ. ಇನ್ನು ಮುಟ್ಟಲೇಬೇಡಿ" ಎಂದ.

ಭಾನುವಾರ ಮನೆಗೆ ಬಂದ. ಬಂದವನೇ ಡಿಸ್ಕಿಗೆ ಕೈ ಹಾಕಲಿಲ್ಲ. ಮೊದಲು ಮೆಮೊರಿಯ ಪಟ್ಟಿಯನ್ನು ಬಿಚ್ಚಿ, ಅದರ ಹಿತ್ತಾಳೆಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಡಿಸ್ಕನ್ನು ಹೊರತೆಗೆದು, ಪೆನ್‌ಡ್ರೈವಿನಲ್ಲಿ ತಂದಿದ್ದ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿದ. ಎದ್ದಿತು! ಬೋರ್ಡಿಗೆ ಏನೂ ಆಗಿರಲಿಲ್ಲ, ಕಾಯಿಲೆಯೆಲ್ಲ ಡಿಸ್ಕಿನದು. "ಅದನ್ನ ಪದೇ ಪದೇ ಎಬ್ಬಿಸೋದು ಅಂದ್ರೆ, ಉಬ್ಬಸ ಇರೋರನ್ನ ಮೆಟ್ಟಿಲು ಹತ್ತಿಸಿದ ಹಾಗೆ ಸಾರ್. ರಿಪೇರಿ ಆಮೇಲೆ. ಮೊದಲು ಉಸಿರಿರೋವಾಗಲೇ ಪ್ರತಿ ತೆಗೀಬೇಕು" ಎಂದು ವಿವರಿಸಿದ. ನಲವತ್ತರ ಲೆಕ್ಕವನ್ನು ನಾನು ಅವನಿಗೆ ಹೇಳಲಿಲ್ಲ.

ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಅವನು ಹೂಡಿದ. ಅದರ ಬುದ್ಧಿವಂತಿಕೆ ನನಗೆ ಬಹಳ ಹಿಡಿಸಿತು. ಸುಲಭವಾಗಿ ಓದಲು ಬರುವ ಭಾಗಗಳನ್ನು ಅದು ಮೊದಲು ಪ್ರತಿಮಾಡಿಕೊಳ್ಳುತ್ತದೆ. ತೊಡಕಿರುವ ಕಡೆ ಹಟ ಹಿಡಿದು ನಿಲ್ಲದೆ ಮುಂದೆ ಹೋಗಿ, ಎಲ್ಲಿ ಬಿಟ್ಟೆನೆಂಬುದನ್ನು ಗುರುತು ಹಾಕಿಕೊಂಡು, ಕಡೆಗೆ ಹಿಂದಿರುಗಿ ಮತ್ತೆ ಪ್ರಯತ್ನಿಸುತ್ತದೆ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷವೂ ಹೇಳುವುದು ಇದನ್ನೇ. ೩೨೦ ಜಿ.ಬಿ.ಯ ಆ ಡಿಸ್ಕ್ ಎರಡು ರಾತ್ರಿ ನರಳಿತು. ಆಗಾಗ ಎದ್ದು ಹೋಗಿ ನೋಡುತ್ತಿದ್ದೆ. ಆಸ್ಪತ್ರೆಯ ಜಗಲಿಯಲ್ಲಿ ಅಜ್ಜಿಗಾಗಿ ಕಾದಿದ್ದ ರಾತ್ರಿಗಳ ನೆನಪಾಯಿತು.

ಪ್ರತಿ ಮುಗಿದ ಮೇಲೆ, ನನ್ನ ತಾಯಿಯ ಕುತೂಹಲಕ್ಕಾಗಿ, ಸತ್ತ ಡಿಸ್ಕನ್ನು ಶಿಷ್ಯ ಬಿಚ್ಚಿ ತೋರಿಸಿದ. ಕನ್ನಡಿಯಂತೆ ಹೊಳೆಯುವ ದುಂಡು ತಟ್ಟೆ. ಅದರ ಮೇಲೆ ಗ್ರಾಮಫೋನಿನದರಂತಹ ಒಂದು ತೋಳು. ತಟ್ಟೆ ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತದೆ. ತೋಳಿನ ತುದಿ ಅದನ್ನು ಮುಟ್ಟದೆ, ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಮೆ ಅಂತರದಲ್ಲಿ ತೇಲುತ್ತದೆ. ತೇಲುವುದು ತಪ್ಪಿ ತಗುಲಿತೋ, ಗೀರು ಬಿತ್ತೆಂದೇ ಲೆಕ್ಕ. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲದ ಇಂತಹ ೫೦ ತಟ್ಟೆಗಳಿದ್ದುವಂತೆ. ಒಂದು ಟನ್ನಿಗೂ ಮೀರಿದ ಅದರ ಒಡಲಲ್ಲಿ ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳು ಮಾತ್ರ. ನಾನು ಇದನ್ನೆಲ್ಲ ಉಪನ್ಯಾಸದ ಧಾಟಿಯಲ್ಲಿ ಹೇಳುತ್ತಿರಲು ತಾಯಿ ಆ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, "ಇದೂ ಬೀಸೋ ಕಲ್ಲೇ ಅನ್ನು" ಎಂದರು.

ಹೊಸದಕ್ಕೆ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಟೌನ್‌ಹಾಲಿನ ಬಳಿಯ ಎಸ್.ಪಿ. ರಸ್ತೆಯಿಂದ ನಾನೇ ತಂದ ೨೫೬ ಜಿ.ಬಿ.ಯ ಎಸ್.ಎಸ್.ಡಿ. ಬಿಸ್ಕತ್ತಿನಷ್ಟು ಹಗುರ. ಹಳೆಯದು ಒಂಬತ್ತೂವರೆ ಮಿಲಿಮೀಟರ್ ದಪ್ಪ, ಇದು ಏಳು. ಗೂಡಿನಲ್ಲಿ ಅಲುಗಾಡದಂತೆ ಒಂದು ಪ್ಲಾಸ್ಟಿಕ್ ಚೌಕಟ್ಟನ್ನು ಕೆಳಗಿಟ್ಟು ತಿರುಪು ಬಿಗಿದೆವು. ಲಿನಕ್ಸ್ ಹಾಕಿದೆವು. ಯಂತ್ರ ಹರೆಯದವನಂತೆ ಎದ್ದುಕೂತಿತು. ಶಿಷ್ಯ ಕಾಫಿ ಕುಡಿದು ಹೊರಟ.

ಮರುದಿನ ಬೆಳಗ್ಗೆ ಮತ್ತೆ ಅದೇ ಕಪ್ಪು ಪರದೆ, ಅದೇ ಬಿಳಿಯ ಸಾಲು! ಹೊಸ ಡಿಸ್ಕಿಗೂ ಒಂದೇ ರಾತ್ರಿಯ ಆಯುಸ್ಸೇ? ಗಾಬರಿಯಿಂದ ಶಿಷ್ಯನನ್ನು ಕರೆದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸೆಟ್ಟಿಂಗ್ ಪುಟದಲ್ಲಿ ತಾರೀಖು ಎಷ್ಟಿದೆ ಸಾರ್?"

೨೦೧೧ರ ಜನವರಿ ೧ ಎಂದಿತ್ತು.

ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಪುಟ್ಟ ಬ್ಯಾಟರಿಯಿರುತ್ತದೆ, ಸಿ.ಆರ್. ೨೦೩೨ ಎಂದು ಅದರ ಹೆಸರು, ಮೂರು ವೋಲ್ಟು. ಗಡಿಯಾರವನ್ನು ನಡೆಸುವುದೂ, ಯಾವ ರೀತಿಯಲ್ಲಿ ಏಳಬೇಕೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೂ ಅದರ ಬಲದಿಂದ. ಅದು ಸತ್ತಿತ್ತು, ದೊಡ್ಡ ಬ್ಯಾಟರಿ ಮೊದಲೇ ಇಲ್ಲ. ರಾತ್ರಿ ಗೋಡೆಯಿಂದ ತಂತಿಯನ್ನು ಕಿತ್ತೊಡನೆಯೇ ಯಂತ್ರ ಎಲ್ಲವನ್ನೂ ಮರೆತು, ತನ್ನ ಹುಟ್ಟಿದ ವರ್ಷಕ್ಕೆ ಹೋಗಿ ಕುಳಿತುಬಿಡುತ್ತಿತ್ತು. ನಾವು ಹೊಸ ಡ್ರೈವಿಗೆಂದು ಹೊಂದಿಸಿದ್ದ ಯು.ಇ.ಎಫ್.ಐ. ರೀತಿ ಅಳಿಸಿಹೋಗಿ ಹಳೆಯ ರೀತಿಯಲ್ಲಿ ತಡಕಾಡುತ್ತಿತ್ತು. ನಲವತ್ತು ರೂಪಾಯಿನ ಬ್ಯಾಟರಿಯನ್ನು ಹಾಕಿ ಸೆಟ್ಟಿಂಗನ್ನು ತಿದ್ದಿದೆವು. ಅಂದಿನಿಂದ ಒಂದು ದಿನವೂ ಮರೆತಿಲ್ಲ.

ಪದಗಳ ಕಡತವನ್ನು ತೆರೆದಾಗ ಮೂಡಿದ್ದು ಕನ್ನಡವಲ್ಲ, ಕೊಂಬು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ. ಆ ಕಾಲದ ನುಡಿ ಅಕ್ಷರಗಳು ರೋಮನ್ ಲಿಪಿಯ ಮನೆಗಳಲ್ಲಿ ಬಾಡಿಗೆಗೆ ಇದ್ದಂಥವು. ಫಾಂಟು ಇಲ್ಲದೆಡೆ ಮನೆಯ ಯಜಮಾನನ ಮುಖವೇ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ವಂತ ಮನೆಯಿದೆ. ಪರಿವರ್ತಕದ ಮೂಲಕ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆವು. ಎಣಿಸಿದೆ: ೧೮೩. ಕಡೆಯ ೩೧ ಪದಗಳಿದ್ದ ಕಡತ ಕೆಟ್ಟ ಭಾಗದಲ್ಲಿ ಸಿಕ್ಕಿ ನಾಶವಾಗಿತ್ತು.

ಆ ರಾತ್ರಿ ಊಟವಾದ ಮೇಲೆ ತಾಯಿಗೆ ವಿಷಯ ತಿಳಿಸಿದೆ. ಕೊನೆಯವು ತೌರಿನ ಪದಗಳೆಂಬುದು ಮಾತ್ರ ನನಗೆ ನೆನಪಿತ್ತು.

"ನಿನಗೆ ಬರುತ್ತವೇನಮ್ಮ?"

"ಎಲ್ಲಿಂದ ಬರಬೇಕು? ನಿಮ್ಮಜ್ಜಿ ಬೀಸ್ತಾ ಹೇಳ್ತಿದ್ದಳು, ನಾನು ಎದುರಿಗೆ ಗೂಟ ಹಿಡೀತಿದ್ದೆ. ಹೀಗೆ ಕೂತುಕೊಂಡು ಹೇಳು ಅಂದರೆ ಬರುತ್ಯೇ?" ಎಂದರು.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಊಟದ ಮೇಜಿನ ಮೇಲೆ ಅವರ ಬಲಗೈ, ಇಲ್ಲದ ಗೂಟವನ್ನು ಹಿಡಿದು, ನಿಧಾನವಾಗಿ ಸುತ್ತಲಾರಂಭಿಸಿತು. ಮೂರನೆಯ ಸುತ್ತಿಗೆ ದನಿ ಹೊರಟಿತು. ನಾನು ಲ್ಯಾಪ್‌ಟಾಪಿಗೆ ಹೋಗದೆ, ಮಗಳ ಪಾಟಿಚೀಲದಿಂದ ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಎಳೆದುಕೊಂಡೆ.